ತಡವಾದವರಿಗೆ ತೆರೆಯದ ಬಾಗಿಲು

ಹೊಸಪೇಟೆ, ಸಂಡೂರು, ಕಂಪ್ಲಿಯ ಈ ಸೀಮೆಯಲ್ಲಿ ಯೋಗ ಕಲಿಸುವವರಿಗೆ ಎಂದೂ ಕೊರತೆಯಾದದ್ದಿಲ್ಲ. ಉಸಿರಾಟ ಒಂದರಿಂದಲೇ ಸಕ್ಕರೆ ಕಾಯಿಲೆಯನ್ನು ಊರು ಬಿಡಿಸುವವರು, ಬೆಳಗಿನ ಶಿಬಿರದಲ್ಲಿ ಕುಂಡಲಿನಿಯನ್ನು ಎಬ್ಬಿಸಿ ಮಧ್ಯಾಹ್ನದ ಊಟಕ್ಕೆ ಬಿಡುವವರು, ಹಂಪಿಯ ಬಂಡೆಯ ಮೇಲೆ ಮುಳುಗುವ ಸೂರ್ಯನ ಎದುರು ಧ್ಯಾನಕ್ಕೆ ಕುಳಿತು ಫೋಟೊ ಸರಿಯಾಗಿ ಬಂತೇ ಎಂದು ಒಂದೇ ಕಣ್ಣು ತೆರೆಯುವವರು, ಎಲ್ಲರೂ ನಮ್ಮಲ್ಲಿ ಆಗಿಹೋಗಿದ್ದಾರೆ. ಇವರ ನಡುವೆ, ತಾವು ಏನನ್ನು ಕಲಿಸುವುದಿಲ್ಲ ಎಂಬುದನ್ನು ಮೊದಲ ದಿನವೇ ಬಿಡಿಸಿ ಹೇಳಿ, ಹೇಳಿದ ಗೆರೆಯನ್ನು ತಾವೂ ದಾಟದೆ, ಬೇರೆಯವರನ್ನೂ ದಾಟಗೊಡದೆ ಇಡೀ ವೃತ್ತಿಜೀವನವನ್ನು ನಡೆಸಿದ ಶಿಕ್ಷಕಿಯೆಂಬ ಕಾರಣಕ್ಕೆ ಶ್ರೀಮತಿ ದುರ್ಗಕ್ಕನವರ ಸ್ಥಾನ ಬೇರೆಯೇ ಆದುದು.

ಈ ವರ್ಷ ಅವರಿಗೆ ಅರವತ್ತು ತುಂಬಿತು. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಹಳೆಯ ಕ್ಲಬ್ ಹಾಲಿನಲ್ಲಿ ನಡೆಸಿಕೊಂಡು ಬಂದ ಮುಂಜಾನೆಯ ತರಗತಿಯನ್ನು ಶಿಷ್ಯೆ ಪಲ್ಲವಿಗೆ ಒಪ್ಪಿಸಿ ಅವರು ನಿವೃತ್ತರಾಗಿದ್ದಾರೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಆ ಕುರ್ಚಿಯಿಂದಲೇ ಬೆನ್ನುನೋವು ಗಳಿಸಿ, ಅದರ ನಿಮಿತ್ತ ಅವರ ವಿದ್ಯಾರ್ಥಿಯಾದ ನನ್ನನ್ನು ಈ ಅಭಿನಂದನ ಗ್ರಂಥಕ್ಕೊಂದು ಲೇಖನ ಬರೆಯಲು ಸಮಿತಿಯವರು ಕೇಳಿದಾಗ, ಮೊದಲು ಟೀಚರ ಅಪ್ಪಣೆ ಪಡೆಯಲು ಹೋದೆ. ಗುರುಮಾತೆ ಎಂದು ಬರೆಯಬಾರದು, ಯೋಗಸಾಧಕಿ ಎಂದೂ ಬರೆಯಬಾರದು, ಶಿಕ್ಷಕಿ ಎಂದರೆ ಸಾಕು ಎಂದರು. ಐಶ್ವರ್ಯಳ ವಿಷಯವನ್ನು ಏನು ಮಾಡಲಿ ಎಂದು ಕೇಳಿದೆ. "ಅವರಪ್ಪನ್ನ ಕೇಳ್ರಿ. ಅವರು ಹೂಂ ಅಂದ್ರ ನಡೆದದ್ದು ನಡೆದಂಗ ಬರೀರಿ. ಅದಕ್ಕೊಂದು ಹೆಸರು ಇಡಬ್ಯಾಡ್ರಿ" ಎಂದರು. ಅವಳ ತಂದೆ ಹೂಂ ಎಂದಿದ್ದಾರೆ. ಹೆಸರಿಡದೆ ಬರೆಯುತ್ತಿದ್ದೇನೆ.

ದುರ್ಗಕ್ಕನವರು ಹುಟ್ಟಿದ್ದು ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ. ತಂದೆತಾಯಿ ಇಬ್ಬರೂ ಗಣಿಯಲ್ಲಿ ಅದಿರು ತುಂಬುತ್ತಿದ್ದರು. ಸಂಜೆ ಮನೆಗೆ ಬಂದವರ ಮೈಯ ಕೆಂಪು ಧೂಳು ತೊಳೆದರೆ ಹೋಗುತ್ತಿತ್ತು, ಬೆನ್ನಿನ ನೋವು ಹೋಗುತ್ತಿರಲಿಲ್ಲ. ತಾವು ಯೋಗಕ್ಕೆ ಬಂದದ್ದು ಮೋಕ್ಷದ ದಾರಿಯಿಂದಲ್ಲ, ತಾಯಿಯ ಸೊಂಟದ ದಾರಿಯಿಂದ ಎಂದು ಅವರು ಒಮ್ಮೆ ಹೇಳಿದ್ದುಂಟು. ವಿದ್ಯಾರ್ಥಿವೇತನದ ಮೇಲೆ ಡಿಪ್ಲೊಮಾ ಮುಗಿಸಿ ಸಂಡೂರಿಗೆ ಮರಳಿ, ಬೆಳಿಗ್ಗೆ ಲಾರಿ ಚಾಲಕರಿಗೂ ಸಂಜೆ ಅಧಿಕಾರಿಗಳ ಮನೆಯ ಹೆಣ್ಣುಮಕ್ಕಳಿಗೂ ಕಲಿಸತೊಡಗಿದರು.

ಆ ಸಂಜೆಯ ತರಗತಿಯಲ್ಲೇ ಅವರ ಹೆಸರಾಂತ ಪ್ರಶ್ನೆ ಹುಟ್ಟಿದ್ದು. ಯಾರದೇ ಭುಜವನ್ನೋ ಮೊಣಕಾಲನ್ನೋ ತಿದ್ದುವ ಮೊದಲು ಅವರು "ಕೈ ಹಚ್ಚಲೇನ್ರಿ?" ಎಂದು ಕೇಳುತ್ತಿದ್ದರು. ನಿನ್ನೆ ಕೇಳಿದ್ದರೂ ಇವತ್ತು ಕೇಳುತ್ತಿದ್ದರು. ಅವರು ಯಾವ ಕೇರಿಯಿಂದ ಬಂದವರೆಂಬುದನ್ನು ವಿಚಾರಿಸಿ ತಿಳಿದಿದ್ದ ಒಬ್ಬ ಅಮ್ಮನವರು ಆ ಪ್ರಶ್ನೆಗೆ ತಮಗೆ ಗೊತ್ತಿದ್ದ ಒಂದೇ ಅರ್ಥವನ್ನು ಹಚ್ಚಿಕೊಂಡು, ಎಲ್ಲರಿಗೂ ಕೇಳುವಂತೆ, ಉದಾರವಾಗಿ, "ಪರವಾಗಿಲ್ಲಮ್ಮಾ, ನಾವು ಅಂಥದ್ದೆಲ್ಲಾ ನೋಡಂಗಿಲ್ಲ" ಎಂದರಂತೆ. ದುರ್ಗಕ್ಕನವರು ತಣ್ಣಗೆ ಉತ್ತರಿಸಿದರು: "ನಾನು ನೋಡ್ತೀನ್ರಿ. ಮೈ ನಿಮ್ಮದು, ಕೇಳೂದು ನನ್ನ ಕೆಲಸ. ಹೂಂ ಅಂದ್ರ ಹಚ್ತೀನಿ, ಬ್ಯಾಡ ಅಂದ್ರ ಬಾಯ್ಲೇ ಹೇಳಿಕೊಡ್ತೀನಿ." ಅಮ್ಮನವರ ಔದಾರ್ಯಕ್ಕೆ ಆ ಸಂಜೆ ಇಳಿಯಲು ಜಾಗವೇ ಸಿಗಲಿಲ್ಲ.

ಸಂಡೂರಿನಿಂದ ಹಂಪಿಗೆ ಬಂದ ಮೇಲೆ ತೊಡಕು ಬೇರೆ ಬಗೆಯದಾಯಿತು. ಅಲ್ಲಿನ ವಸತಿಗೃಹವೊಂದರಲ್ಲಿ ಕಲಿಯಲು ಬರುತ್ತಿದ್ದ ಪರದೇಶದ ಅತಿಥಿಗಳಿಗೆ ಶಿಕ್ಷಕಿ ಬೇಕಿರಲಿಲ್ಲ, ಗುರು ಬೇಕಿತ್ತು. ಕಾಲಿಗೆ ಬೀಳುತ್ತಿದ್ದರು, ಹೊಸ ಹೆಸರು ಇಡಿರೆಂದು ಕೇಳುತ್ತಿದ್ದರು, ತಮ್ಮ ಹಿಂದಿನ ಜನ್ಮದ ವಿವರಗಳನ್ನು ಅಪೇಕ್ಷಿಸುತ್ತಿದ್ದರು. ಅವರಿಗೆಲ್ಲ ದುರ್ಗಕ್ಕನವರು ಹೇಳುತ್ತಿದ್ದ ಮಾತನ್ನು ಭಾಷಾಂತರಿಸಲು ವಸತಿಗೃಹದ ಮ್ಯಾನೇಜರು ಬಹಳ ಕಷ್ಟಪಟ್ಟರಂತೆ: "ನಾನು ಬೆನ್ನು ನೆಟ್ಟಗ ಮಾಡ್ತೀನಿ. ಆತ್ಮ ನನ್ನ ಸಿಲೆಬಸ್ಸಿನಾಗ ಇಲ್ಲ." ಸಿಲೆಬಸ್ಸಿನಾಚೆಯದೂ ಒಂದು ದಿನ ತರಗತಿಗೆ ಬಂದು ನಿಲ್ಲಬಹುದೆಂಬ ಸೂಚನೆ ಅವರಿಗೆ ಆಗ ಇರಲಿಲ್ಲವೆಂದು ಕಾಣುತ್ತದೆ.

ಟಿ.ಬಿ. ಡ್ಯಾಮಿನ ಹಾಲ್ ಕಾಲುವೆಯ ಮಗ್ಗುಲಲ್ಲೇ ಇದೆ. ಗೇಟು ಎತ್ತಿದ ತಿಂಗಳುಗಳಲ್ಲಿ ನೀರಿನ ಸದ್ದು ಗೋಡೆಯೊಳಗಿಂದಲೇ ಬರುತ್ತಿದೆಯೇನೋ ಎನ್ನಿಸುತ್ತದೆ. ಎತ್ತರದ ಛಾವಣಿ, ಕೆಂಪು ಗಾರೆಯ ನೆಲ, ಒಂದೇ ಬಾಗಿಲು, ಒಳಗಡೆ ಕಬ್ಬಿಣದ ಅಗುಳಿ. ಅಲ್ಲಿ ಸೇರಿಕೊಳ್ಳಲು ಹೋದ ದಿನ ನಾವೆಲ್ಲರೂ ನಿಂತುಕೊಂಡೇ ಕೇಳಿಸಿಕೊಂಡ ನಿಯಮಗಳು ಹೀಗಿದ್ದವು: ಇಲ್ಲಿ ಅವರನ್ನು ಟೀಚರ್ ಎಂದು ಕರೆಯಬೇಕು. ಹೆಸರಿನಲ್ಲೇ ಅಕ್ಕ ಇದೆಯೆಂದು ಯಾರೂ ನೆಂಟಸ್ತನ ಬೆಳೆಸಬಾರದು. ಅವರು ಯಾರ ಮನೆಗೂ ಬರುವುದಿಲ್ಲ, ಮದುವೆ ಮಾತುಕತೆಗೆ ಸಾಕ್ಷಿಯಾಗುವುದಿಲ್ಲ, ಡಾಕ್ಟರು ಕೊಟ್ಟ ಮಾತ್ರೆಯನ್ನು ಬಿಡಿಸುವುದಿಲ್ಲ. ತರಗತಿ ಶುರುವಾದೊಡನೆ ಬಾಗಿಲಿಗೆ ಅಗುಳಿ ಬೀಳುತ್ತದೆ. ಬಿದ್ದ ಮೇಲೆ ಜಿಲ್ಲಾಧಿಕಾರಿ ಬಂದರೂ ತೆಗೆಯುವುದಿಲ್ಲ. ಕಣ್ಣು ಮುಚ್ಚಿ ಮಲಗಿದವರ ನಡುವೆ ಯಾರೋ ಒಬ್ಬರು ಚಪ್ಪಲಿ ಎಳೆದುಕೊಂಡು ಬರುವುದು ಮಲಗಿದವರಿಗೆ ಮಾಡುವ ಮೋಸ ಎಂದು ಅವರ ವಾದ.

ಇಷ್ಟು ಓದಿದವರಿಗೆ ಇವರೊಬ್ಬ ಕಠಿಣ ಹೆಂಗಸೆಂದು ಅನ್ನಿಸಿದರೆ ನಾನು ಹುಸೇನಮ್ಮನವರ ಹೆಸರು ಹೇಳುತ್ತೇನೆ. ಕ್ವಾರ್ಟರ್ಸಿನ ಮನೆಗಳಲ್ಲಿ ಕಸಮುಸುರೆ ಮಾಡುವ ಅವರಿಗೆ ಗರ್ಭಕೋಶದ ಆಪರೇಷನ್ ಆದ ಮೇಲೆ ನೆಲದ ಮೇಲೆ ಮಲಗಿ ಏಳಲು ಆಗುತ್ತಿರಲಿಲ್ಲ. ಅವರೊಬ್ಬರಿಗಾಗಿ ದುರ್ಗಕ್ಕನವರು ಇಡೀ ಪಾಠವನ್ನು ಕುರ್ಚಿಯ ಮೇಲೆ ಕುಳಿತು ಮಾಡುವಂತೆ ಹೊಸದಾಗಿ ಕಟ್ಟಿದರು, ಬಾಗಿಲ ಪಕ್ಕ ಗಾಳಿ ಬರುವಲ್ಲಿ ಕುರ್ಚಿ ಹಾಕಿಸಿದರು. ಋಣ ತೀರಿಸಲೆಂದು ಹುಸೇನಮ್ಮ ಒಂದು ದಿನ ಬೇಗ ಬಂದು ಹಾಲ್ ಗುಡಿಸತೊಡಗಿದಾಗ ಟೀಚರು ಪೊರಕೆ ಇಸಿದುಕೊಂಡರು. ಹೊರಗೆ ಆ ಕೆಲಸ ಅವರದಿರಬಹುದು, ಒಳಗೆ ಅವರು ವಿದ್ಯಾರ್ಥಿ, ವಿದ್ಯಾರ್ಥಿಯ ಕೈಯಲ್ಲಿ ಕಸ ಹೊಡೆಸುವುದಿಲ್ಲ ಎಂದರು. ಹುಸೇನಮ್ಮ ಇದನ್ನು ಇಂದಿಗೂ ಹೇಳುತ್ತಾರೆ, ಹೇಳುವಾಗ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಳ್ಳುತ್ತಾರೆ.

ಐಶ್ವರ್ಯ ಕಂಪ್ಲಿಯ ಹುಡುಗಿ. ರೈಸ್ ಮಿಲ್ಲಿನ ಮರುಳಸಿದ್ದಪ್ಪನವರ ಒಬ್ಬಳೇ ಮಗಳು. ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು. ಹೊಸಪೇಟೆಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತ, ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಮುಂಜಾನೆ ಕಾಲುವೆ ಏರಿಯ ದಾರಿಯಲ್ಲಿ ಸ್ಕೂಟಿ ಹತ್ತಿ ಬರುತ್ತಿದ್ದಳು. ನಗುಮುಖದ, ಮೈ ಬಳುಕುವ, ನಿದ್ದೆ ಬಿಡದ ಹುಡುಗಿ. ವಾರಕ್ಕೊಮ್ಮೆಯಾದರೂ ತಡವಾಗುತ್ತಿತ್ತು. ಅವಳ ಬಡಿತ ನಮಗೆಲ್ಲ ಪರಿಚಿತ: ಬೆರಳ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ, ಸ್ವಲ್ಪ ಬಿಟ್ಟು ಇನ್ನೊಂದು, ತಪ್ಪಾಯಿತು ಎನ್ನುವಂತೆ. ಟೀಚರು ಒಳಗಿಂದ "ತಡ ಆತು. ನಾಳೆ ಬರ್ರಿ" ಎನ್ನುತ್ತಿದ್ದರು. ಹೊರಗೆ ಒಂದು ಸಣ್ಣ ನಗು ಕೇಳಿ, ಸ್ಕೂಟಿಯ ಸದ್ದು ದೂರವಾಗುತ್ತಿತ್ತು. ಅವಳೇನೂ ಬೇಸರಪಟ್ಟುಕೊಂಡವಳಲ್ಲ.

ಮೂರು ವರ್ಷದ ಹಿಂದಿನ ಚಳಿಗಾಲದ ಒಂದು ಮುಂಜಾನೆ, ಕೈ ಚಾಚಿದರೆ ಕೈ ಕಾಣದಂಥ ಮಂಜಿನಲ್ಲಿ, ಅವಳು ಬಂದು ಬಡಿದಳು. ಟೀಚರು ಎಂದಿನ ಮಾತು ಹೇಳಿದರು. ನಾವು ಕಣ್ಣು ಮುಚ್ಚಿಕೊಂಡು ನಗುವನ್ನೂ ಕೇಳಿದೆವು, ಸ್ಕೂಟಿ ಹೊರಟದ್ದನ್ನೂ ಕೇಳಿದೆವು. ಏರಿಯ ತಿರುವಿನಲ್ಲಿ ಗಾಡಿ ಜಾರಿ ಕಾಲುವೆಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳು ಕೆಳಗಿನ ತೂಬಿನ ಹತ್ತಿರ ಸಿಕ್ಕಳು.

ಊರು ಏನು ಮಾತಾಡಿತೆಂದು ಬಿಡಿಸಿ ಬರೆಯಬೇಕಾಗಿಲ್ಲ. ಒಂದು ಅಗುಳಿ ತೆಗೆಯಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ ಟೀ ಅಂಗಡಿಯಿಂದ ಹಿಡಿದು ದೇವಸ್ಥಾನದ ಕಟ್ಟೆಯವರೆಗೆ ಎಲ್ಲ ಕಡೆ ಎದ್ದಿತು. ಕೆಲವು ದಿನ ಹಾಲ್ ಮುಚ್ಚಿತ್ತು. ಮತ್ತೆ ತೆರೆದಾಗ, ನಿಯಮವನ್ನು ಸಡಿಲಿಸಿರುತ್ತಾರೆಂದು ಹೋದ ನಮ್ಮೆದುರೇ ಅಗುಳಿ ಮೊದಲಿನಂತೆ ಬಿತ್ತು. ಬದಲಾದದ್ದು ಒಂದೇ: ಹೊರಗಿನ ಪಡಸಾಲೆಯಲ್ಲಿ, ಬಲ್ಬಿನ ಕೆಳಗೆ, ಹೊಸದೊಂದು ಮರದ ಬೆಂಚು ಬಂದಿತ್ತು. ಅದೇಕೆಂದು ನಾವು ಕೇಳುವ ಮೊದಲೇ ಬಾಗಿಲು ಬಡಿದ ಸದ್ದಾಯಿತು.

ಮೆಲ್ಲಗೆ ಎರಡು ಸಲ. ಸ್ವಲ್ಪ ಬಿಟ್ಟು, ಇನ್ನೊಂದು.

ಹಾಲಿನಲ್ಲಿ ಯಾರೂ ಉಸಿರು ಬಿಡಲಿಲ್ಲ. ಯೋಗದ ಭಾಷೆಯಲ್ಲಿ ಅದಕ್ಕೆ ಕುಂಭಕವೆನ್ನುತ್ತಾರೆ. ಅಷ್ಟು ದೀರ್ಘವಾದ ಕುಂಭಕವನ್ನು ಆ ತರಗತಿ ಅದಕ್ಕೂ ಮೊದಲು ಸಾಧಿಸಿರಲಿಲ್ಲ. ಟೀಚರು ಬಾಗಿಲ ಕಡೆ ತಿರುಗಿದರು. ದನಿ ಏರಲಿಲ್ಲ, ಇಳಿಯಲಿಲ್ಲ.

"ತಡ ಆತು. ಬೆಳಕಾಗೂತನ ಬೆಂಚಿನ ಮ್ಯಾಲ ಕುಂದ್ರಿ."

ನಗು ಕೇಳಲಿಲ್ಲ. ಗಾಡಿಯೂ ಹೊರಡಲಿಲ್ಲ. ತರಗತಿ ಮುಗಿದು ಬಾಗಿಲು ತೆರೆದಾಗ ಬೆಂಚಿನ ಮೇಲೆ ಯಾರೂ ಇರಲಿಲ್ಲ. ಎಲ್ಲ ಕಡೆ ಇಬ್ಬನಿ ಕೂತಿತ್ತು. ಬೆಂಚಿನ ಒಂದು ತುದಿ ಮಾತ್ರ ಒಣಗಿತ್ತು.

ಮರುದಿನವೂ ಹಾಗೆಯೇ. ಅದರ ಮರುದಿನವೂ. ನಮ್ಮಲ್ಲೊಬ್ಬರಾದ ಕಾಲುವೆ ಕಚೇರಿಯ ಎಂಜಿನಿಯರ್ ಲಿಂಗರಾಜ್ ಇದಕ್ಕೆ ಬಹಳ ಸಮಾಧಾನಕರವಾದ ವಿವರಣೆ ಕೊಟ್ಟರು: ಗೇಟಿನ ಕೆಳಗೆ ನುಗ್ಗುವ ನೀರಿನ ಅದುರು ತಳಪಾಯದ ಮೂಲಕ ಬಂದು ಬಾಗಿಲ ಚೌಕಟ್ಟನ್ನು ತಟ್ಟುತ್ತದೆ, ಅಷ್ಟೆ. ನಾವು ಆ ವಿವರಣೆಯನ್ನು ಬೆಚ್ಚಗೆ ಹೊದ್ದುಕೊಂಡು ಬೇಸಿಗೆಯವರೆಗೆ ಕಳೆದೆವು. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದರು. ತಳದ ಕೆಸರು ಒಣಗಿ ಬಿರಿಯಿತು. ಬಡಿತ ನಿಲ್ಲಲಿಲ್ಲ. ಲಿಂಗರಾಜ್ ಕೆಲವು ದಿನ ನೀರಿನ ಪೈಪುಗಳ ಬಗ್ಗೆ ಮಾತಾಡಿದರು. ಆಮೇಲೆ ಏನನ್ನೂ ಹೇಳದೆ ತಮ್ಮ ಚಾಪೆಯನ್ನು ಬಾಗಿಲಿನಿಂದ ಅತ್ಯಂತ ದೂರದ ಮೂಲೆಗೆ ಒಯ್ದರು. ಅವರು ನೀಡಿದ ವಿವರಣೆಗಳಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ.

ಸುದ್ದಿ ಹಬ್ಬಿತು. ಬೆಂಚಿನ ಮೇಲೆ ಯಾರೋ ನಿಂಬೆಹಣ್ಣು ಇಟ್ಟುಹೋದರು. ಎಮ್ಮಿಗನೂರಿನಿಂದ ಒಬ್ಬ ಹೆಣ್ಣುಮಗಳು ಬಂದು, ತೀರಿಹೋದ ಗಂಡ ಹೊಲದ ಪತ್ರವನ್ನು ಎಲ್ಲಿಟ್ಟಿದ್ದಾನೆಂದು ಕೇಳಿಕೊಡಬೇಕೆಂದಳು. ಟೀಚರು ಅವಳನ್ನು ಕೂಡಿಸಿ, ನೀರು ಕೊಟ್ಟು, ತಮಗೆ ಅದು ಗೊತ್ತಿಲ್ಲ, ಗೊತ್ತಿದೆಯೆಂದು ಹೇಳುವವರನ್ನು ನಂಬಬೇಡ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗು ಎಂದು ಕಳಿಸಿದರು. ನಿಂಬೆಹಣ್ಣುಗಳನ್ನು ಹುಸೇನಮ್ಮ ಉಪ್ಪಿನಕಾಯಿ ಹಾಕಲು ಸಿದ್ಧವಿದ್ದರೂ ಟೀಚರು ಒಪ್ಪಲಿಲ್ಲ.

ಕಡೆಗೆ ಮರುಳಸಿದ್ದಪ್ಪನವರೇ ಬಂದರು. ದೊಡ್ಡ ಆಳು, ಬಿಳಿ ಧೋತರ, ಹಣೆಯಲ್ಲಿ ವಿಭೂತಿ. ತರಗತಿ ಬಿಟ್ಟು ನಾವು ಚಾಪೆ ಸುತ್ತುತ್ತಿದ್ದಾಗ ಬಾಗಿಲಲ್ಲಿ ನಿಂತು, ನಮ್ಮನ್ನು ಯಾರನ್ನೂ ನೋಡದೆ ಟೀಚರನ್ನು ಮಾತ್ರ ನೋಡಿದರು.

"ನನ್ ಮಗಳು ಬಾಗಲಾ ಬಡೀತಾಳಂತಲ್ರಿ."

"ಬಡಿಯೋ ಸಪ್ಪಳ ಕೇಳ್ತೈತ್ರಿ. ಯಾರಂತ ನಾ ಹೇಳಂಗಿಲ್ಲ."

"ನೀವು ತಗದಿಲ್ಲ."

"ತಗದಿಲ್ರಿ."

"ಅವತ್ತೂ ತಗೀಲಿಲ್ಲ."

"ಅವತ್ತೂ ತಗೀಲಿಲ್ರಿ."

ಆ ದೊಡ್ಡ ಮನುಷ್ಯ ಏನಾದರೂ ಮಾಡಿಬಿಡಬಹುದೆಂದು ನಾವು ಹೆದರಿದೆವು. ಅವರು ಬಾಗಿಲ ಚೌಕಟ್ಟಿಗೆ ಕೈ ಊರಿಕೊಂಡರು, ಅಷ್ಟೆ. ಒಂದೇ ಒಂದು ಸಲ, ಬಡಿದಾಗ ತೆಗೆಯಬೇಕೆಂದು ಬೇಡಿಕೊಂಡರು. ಬೈಯಲು ಬಂದವರು ಬೇಡಿಕೊಳ್ಳುವುದನ್ನು ನೋಡುವುದು ಕಷ್ಟ. ದುರ್ಗಕ್ಕನವರ ಮುಖವನ್ನು ನಾನು ಆಗ ನೋಡಿದೆ. ಕಠಿಣವಾಗಿತ್ತೆಂದು ಊರು ಹೇಳುತ್ತಿದ್ದ ಮುಖ ಅದಲ್ಲ.

"ನಾ ತಗದ್ರ ಮಗಳು ಸಿಗ್ತಾಳ ಅಂತ ನಿಮಗ ಮಾತು ಕೊಟ್ಟಂಗ ಆಗ್ತೈತ್ರಿ. ನನ್ನ ಕೈಯಾಗ ಇಲ್ಲದ್ದನ್ನ ಕೊಡ್ತೀನಂತ ನಾ ಯಾರಿಗೂ ಹೇಳಿಲ್ಲ."

"ಮತ್ತ ನಿಮ್ಮ ಕೈಯಾಗ ಏನೈತಿ?"

"ಮುಂಜಾನಿ ಕ್ಲಾಸ್ ಐತ್ರಿ. ಹೊತ್ತಿಗೆ ಸರಿಯಾಗಿ ಬರ್ರಿ."

ಇದು ಕ್ರೌರ್ಯವೋ ಕರುಣೆಯೋ ಎಂದು ನಾವು ಟೀ ಅಂಗಡಿಯಲ್ಲಿ ಬಹಳ ಚರ್ಚಿಸಿದೆವು. ಮರುದಿನ ಕತ್ತಲಲ್ಲೇ ಕಂಪ್ಲಿಯಿಂದ ಹೊರಟು ಮರುಳಸಿದ್ದಪ್ಪನವರು ಎಲ್ಲರಿಗಿಂತ ಮೊದಲು ಬಂದು ಪಡಸಾಲೆಯಲ್ಲಿ ನಿಂತಿದ್ದರು. ಬೆಂಚಿನ ಮೇಲೆ ಕುಳಿತಿರಲಿಲ್ಲ.

ಅವರ ಮೈ ಮಿಲ್ಲಿನ ಕಂಬದಷ್ಟು ಬಿಗಿ. ಬಾಗು ಎಂದರೆ ಬಾಗುತ್ತಿರಲಿಲ್ಲ. ಟೀಚರು ದಿನಾ ಹತ್ತಿರ ಹೋಗಿ "ಕೈ ಹಚ್ಚಲೇನ್ರಿ?" ಎಂದು ಕೇಳುತ್ತಿದ್ದರು. ಅವರು ದಿನಾ ತಲೆ ಅಲ್ಲಾಡಿಸುತ್ತಿದ್ದರು. ಅದರ ಹಿಂದೆ ಕೇರಿಯ ಹಳೆಯ ಲೆಕ್ಕವಿತ್ತೋ ಹೊಸ ಸಿಟ್ಟಿತ್ತೋ ನಾನು ಹೇಳಲಾರೆ. ಬಡಿತ ಕೇಳಿದಾಗ ಮಾತ್ರ ಅವರ ಮೈಯೆಲ್ಲ ಸಡಿಲವಾಗಿ ಕುಸಿಯುತ್ತಿತ್ತು. ಮಳೆಗಾಲ ಕಳೆದು ಮತ್ತೆ ಚಳಿ ಹಿಡಿದ ಮೇಲೆ ಒಂದು ದಿನ, ಕೇಳಿದ ಪ್ರಶ್ನೆಗೆ "ಹಚ್ರಿ" ಎಂದರು. ಟೀಚರು ಅಂಗೈಯನ್ನು ಅವರ ಎರಡು ಹೆಗಲೆಲುಬುಗಳ ನಡುವೆ ಇಟ್ಟು ಹಾಗೆಯೇ ನಿಂತರು. ಮಗಳ ಮಣ್ಣು ಮುಗಿಸಿದ ಮೇಲೆ ಆ ಬೆನ್ನನ್ನು ಯಾರೂ ಮುಟ್ಟಿರಲಿಲ್ಲವೆಂದು ಅದು ನಡುಗಿದ ರೀತಿಯಿಂದಲೇ ತಿಳಿಯುತ್ತಿತ್ತು.

ಅದರ ಮಾರನೆಯ ಮುಂಜಾನೆ ಬಡಿತ ಕೇಳಿದೊಡನೆ ಮರುಳಸಿದ್ದಪ್ಪನವರು ಎದ್ದರು. ನೇರವಾಗಿ ಹೋಗಿ ಅಗುಳಿ ಎಳೆದರು. ಟೀಚರು ತಡೆಯಲಿಲ್ಲ. ಬಾಗಿಲಾಚೆ ಮಂಜು, ಸಾಲಾಗಿ ನಿಂತ ನಮ್ಮ ಗಾಡಿಗಳು, ಬಲ್ಬಿನ ಬೆಳಕು. ಇನ್ನೇನೂ ಇರಲಿಲ್ಲ. ಅವರು ಆ ಇಲ್ಲದಿರುವಿಕೆಯ ಕಡೆ ನೋಡಿ, ಊಟಕ್ಕೆ ಕರೆಯುವಷ್ಟು ಸಲೀಸಾಗಿ, "ಒಳಗ ಬಾರವ್ವ, ಥಂಡಿ ಐತಿ" ಎಂದರು. ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದರು. ಬಾಗಿಲ ಪಕ್ಕ ಕುರ್ಚಿಯಲ್ಲಿದ್ದ ಹುಸೇನಮ್ಮ ತಮ್ಮ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡರು. ಯಾಕೆಂದು ಆಮೇಲೆ ಕೇಳಿದ್ದಕ್ಕೆ, ತಾವು ಎಳೆದುಕೊಳ್ಳಲಿಲ್ಲ, ಕಾಲೇ ಸರಿದವು ಎಂದರು.

ಮರುದಿನ ಹೊರಗಿನಿಂದ ಬಡಿತ ಬರಲಿಲ್ಲ. ಎಲ್ಲರ ಭುಜಗಳೂ ಇಳಿದವು. ಲಿಂಗರಾಜ್ ಮುಗುಳ್ನಕ್ಕರು. ತರಗತಿಯ ಕೊನೆಗೆ ಶವಾಸನದಲ್ಲಿ ಕಣ್ಣು ಮುಚ್ಚಿ ಮಲಗಿ, ಕಾಲುವೆಯ ನೀರಿನ ಸದ್ದನ್ನು ಕೇಳುತ್ತಿದ್ದಾಗ ಸದ್ದಾಯಿತು. ಮೆಲ್ಲಗೆ ಎರಡು ಸಲ, ಸ್ವಲ್ಪ ಬಿಟ್ಟು ಇನ್ನೊಂದು. ಮಲಗಿದವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಕುಳಿತಿದ್ದ ಹುಸೇನಮ್ಮನಿಗೆ ತಿಳಿಯಿತು.

"ಟೀಚರ್" ಎಂದರು ಅವರು, ಮಗು ಮಲಗಿದ ಮನೆಯಲ್ಲಿ ಮಾತಾಡುವಂತೆ. "ಸಪ್ಪಳ ಒಳಗಿಂದ ಬರಾಕತ್ತೈತ್ರಿ."

ಮರುಳಸಿದ್ದಪ್ಪನವರ ಸಂತೋಷವನ್ನು ನೋಡಿ ನಮಗೆ ಇನ್ನಷ್ಟು ಹೆದರಿಕೆಯಾಯಿತು. ಅವರು ಮಗಳ ಹಳೆಯ ನೀಲಿ ಚಾಪೆಯನ್ನು ತಂದು ತಮ್ಮ ಮಗ್ಗುಲಲ್ಲಿ ಹಾಸಲು ಶುರುಮಾಡಿದರು. ಅದರ ಕಡೆಗೆ ಹೊರಳಿ ಮಲಗಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು: ಮಿಲ್ಲಿನ ಬೆಲ್ಟು ಹರಿದದ್ದು, ಮನೆಯ ನಾಯಿ ಮರಿ ಹಾಕಿದ್ದು. ಕಂಪ್ಲಿಗೆ ಹೋಗುವುದನ್ನೇ ಬಿಟ್ಟು ಕ್ವಾರ್ಟರ್ಸಿನ ಹಿಂದೆ ಕೋಣೆ ಹಿಡಿದರು. ಮಿಲ್ಲಿನವರು ಬಂದು ಕರೆದರೂ ಹೋಗಲಿಲ್ಲ. ಊಟ ಬಿಟ್ಟರು. ಮಿಲ್ಲಿನ ಕಂಬದಂತಿದ್ದ ಮೈ ಕಟ್ಟು ಬಿಚ್ಚಿದ ಚೀಲದಂತೆ ಇಳಿಯಿತು. ಇತ್ತ ಒಳಗಿನ ಬಡಿತ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. ಜೋರಾಗಲಿಲ್ಲ. ನಡುವಿನ ಬಿಡುವು ಕಿರಿದಾಯಿತು. ತಪ್ಪಾಯಿತು ಎನ್ನುವಂತಿದ್ದದ್ದು ಈಗ ಬೇರೆ ಏನನ್ನೋ ಕೇಳುತ್ತಿತ್ತು. ಅಗುಳಿ ಕಬ್ಬಿಣದ ಬಳೆಯಲ್ಲಿ ಸಣ್ಣಗೆ ಅದುರುವುದನ್ನು ನಾನೇ ನೋಡಿದೆ, ನೋಡಿ ಕಣ್ಣು ಮುಚ್ಚಿದೆ.

ತರಗತಿ ಅರ್ಧ ಖಾಲಿಯಾಯಿತು. ಒಬ್ಬೊಬ್ಬರಿಗೂ ಒಂದೊಂದು ನೆಪವಿತ್ತು. ನನಗೆ ನೆಪ ಹುಡುಕುವಷ್ಟು ಚುರುಕು ಇರಲಿಲ್ಲ, ಹೋಗುತ್ತಲೇ ಇದ್ದೆ. ಹಾಗೆ ಒಂದು ಮುಂಜಾನೆ ಶವಾಸನದಲ್ಲಿ ಬಡಿತ ಶುರುವಾಗಿ, ನಿಲ್ಲದೆ, ಬಿಡುವಿಲ್ಲದೆ ನಡೆದಾಗ ಟೀಚರು ಎದ್ದು ಮರುಳಸಿದ್ದಪ್ಪನವರ ಚಾಪೆಯ ತಲೆಯ ಕಡೆ ಬಂದು ಕುಳಿತರು. ಮಾತಾಡುವ ಮೊದಲು, ಮಾತಾಡಬಹುದೇ ಎಂದು ಕೇಳಿದರು. ಅವರು ಹೂಂ ಎಂದರು.

"ಬರೋರಿಗೆ ನಾ ಟೈಮ್ ಇಟ್ಟೀನ್ರಿ. ಹೋಗೋರಿಗೆ ಯಾವತ್ತೂ ಇಟ್ಟಿಲ್ಲ. ಇಲ್ಲಿಂದ ಯಾರು ಎದ್ದು ಹೋಗ್ತೀನಂದ್ರೂ ಯಾಕಂತ ನಾ ಕೇಳಂಗಿಲ್ಲ. ನೀವೂ ಕೇಳಂಗಿಲ್ಲ."

ಮರುಳಸಿದ್ದಪ್ಪನವರು ಛಾವಣಿಯನ್ನೇ ನೋಡುತ್ತಿದ್ದರು. "ತಗದ್ರ ಆಕಿ ಮತ್ತ ಬರಂಗಿಲ್ಲಲ್ರಿ."

"ಬರಂಗಿಲ್ರಿ."

"ಹಂಗಾರ ನೀವ ತಗೀರಿ. ನನ್ ಕೈಲಿ ಆಗಂಗಿಲ್ಲ."

"ಒಳಗ ಕರದವ್ರು ನೀವ್ರಿ."

ಒಂದು ಮಾತು ಸುಳ್ಳು ಹೇಳಿದ್ದರೆ ಆ ಗಳಿಗೆ ಅವರಿಬ್ಬರಿಗೂ ಎಷ್ಟೋ ಹಗುರವಾಗುತ್ತಿತ್ತು. ಅವಳು ಎಲ್ಲೂ ಹೋಗುವುದಿಲ್ಲ, ನಿಮ್ಮ ಎದೆಯಲ್ಲೇ ಇರುತ್ತಾಳೆ ಎಂಬಂಥದ್ದು, ಇಂಥ ಹೊತ್ತಿಗೆಂದೇ ಜನ ಇಟ್ಟುಕೊಂಡಿರುವ ಮಾತು. ದುರ್ಗಕ್ಕನವರು ಅದನ್ನು ಹೇಳಲಿಲ್ಲ. ಕೈ ಚಾಚಿ, "ಏಳಾಕ ಕೈ ಕೊಡಲೇನ್ರಿ?" ಎಂದು ಮಾತ್ರ ಕೇಳಿದರು. ಅವರು ಆ ಕೈ ಹಿಡಿದು ಎದ್ದರು.

ಬಾಗಿಲಿಗೆ ಹೋಗುವಷ್ಟರಲ್ಲಿ ಬಡಿತ ತಾನಾಗಿ ನಿಂತಿತು, ದಾರಿ ಬಿಡುವವರು ಬಂದರೆಂದು ಕೈ ಇಳಿಸಿದಂತೆ. ಅವರು ಅಗುಳಿ ಎಳೆದು, ಬಾಗಿಲನ್ನು ಪೂರ್ತಿ ತೆರೆದು ಹಿಡಿದರು. ಹೊರಗೆ ಇನ್ನೂ ಕತ್ತಲು ಕರಗಿರಲಿಲ್ಲ. ಒಳಗಿನಿಂದ ಹೊರಕ್ಕೆ ಒಂದು ಗಾಳಿ ಹೋಯಿತು. ಅಷ್ಟು ದಿನ ಹಾಲಿನಲ್ಲಿ ಎಂಥ ಥಂಡಿ ಇತ್ತೆಂಬುದು ಅದು ಹೋದ ಮೇಲೆಯೇ ನಮಗೆ ಗೊತ್ತಾದದ್ದು. ಮರುಳಸಿದ್ದಪ್ಪನವರು ಹೊಸ್ತಿಲಲ್ಲಿ ನಿಂತು ಏರಿಯ ದಾರಿಯ ಕಡೆ ನೋಡಿದರು.

"ಹುಷಾರಾಗಿ ಹೋಗವ್ವ" ಎಂದರು. "ಮುಂದ ತಿರುವೈತಿ. ಸಾವಕಾಶ ಹೋಗು."

ಅವರು ಬಾಗಿಲು ಹಾಕಿ, ಅಗುಳಿ ಇಳಿಸಿ, ಬಂದು ನೀಲಿ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿ, ತಮ್ಮ ಚಾಪೆಯ ಮೇಲೆ ಮಲಗಿದರು. ಟೀಚರು ತಮ್ಮ ಜಾಗಕ್ಕೆ ಹೋಗಿ, ಬಿಟ್ಟಲ್ಲಿಂದ ಪಾಠ ಮುಂದುವರಿಸಿದರು: ಬಲಗಾಲಿನ ಬೆರಳು, ಅಂಗಾಲು, ಹಿಮ್ಮಡಿ. ಆ ದಿನ ಅವರ ದನಿ ಮೊದಲ ಸಲ ಎರಡು ಕಡೆ ತಡೆದು ನಿಂತಿತು. ನಾವು ಕಣ್ಣು ತೆರೆದು ನೋಡಲಿಲ್ಲ. ಅಷ್ಟು ಶಿಸ್ತನ್ನು ಅವರಿಂದ ಕಲಿತಿದ್ದೆವು.

ಆಮೇಲೆ ಬಡಿತ ಕೇಳಿಲ್ಲ. ಹೋದವರೆಲ್ಲ ಒಬ್ಬೊಬ್ಬರಾಗಿ ತಮ್ಮ ನೆಪಗಳನ್ನು ಹಿಂದಕ್ಕೆ ಪಡೆದು ಬಂದರು. ಲಿಂಗರಾಜ್ ಮಾತ್ರ ಮೂಲೆಯಲ್ಲೇ ಉಳಿದಿದ್ದಾರೆ, ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಅಗುಳಿ ಬಿದ್ದ ಮೇಲೆ ಇಡೀ ತರಗತಿ ಇಂದಿಗೂ ಒಂದು ಗಳಿಗೆ ಕಿವಿಗೊಟ್ಟು ನಿಲ್ಲುತ್ತದೆ. ಟೀಚರು ಆ ಒಂದು ಗಳಿಗೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು, ಅದು ಮುಗಿದ ಮೇಲೆಯೇ ಮೊದಲ ಉಸಿರು ತೆಗೆದುಕೊಳ್ಳಲು ಹೇಳುತ್ತಿದ್ದರು.

ಈಗ ಅವರು ಬಂಡ್ರಿಗೆ ಮರಳಿ, ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಸಂಜೆಯ ತರಗತಿ ತೆರೆಯುತ್ತಿದ್ದಾರೆ. ಕಂಪ್ಲಿಯಿಂದ ಬಂಡ್ರಿಗೆ ಎಷ್ಟು ಹೊತ್ತಿನ ದಾರಿ ಎಂದು ಮರುಳಸಿದ್ದಪ್ಪನವರು ವಿಚಾರಿಸಿದ್ದರು. ಪಲ್ಲವಿ ಚೆನ್ನಾಗಿ ಕಲಿಸುತ್ತಾಳೆ, ನನ್ನ ಹಿಂದೆ ಬರಬೇಡಿ ಎಂದು ಟೀಚರು ಹೇಳಿದರು. ಅದಕ್ಕೆ ಮರುಳಸಿದ್ದಪ್ಪನವರು ಬೇಸರಪಟ್ಟುಕೊಳ್ಳಲಿಲ್ಲ. ಟೀಚರಿಗೆ ನೂರು ವರ್ಷ ಬಾಳಿರಿ ಎಂದು ಹಾರೈಸಿದರೆ ಅದು ನಮ್ಮ ಕೈಯಲ್ಲಿಲ್ಲದ್ದನ್ನು ಕೊಡುವೆನೆಂದಂತೆ ಆದೀತೆಂದು ನನಗೆ ಅಳುಕು. ಆದರೂ ಹಾರೈಸುತ್ತೇನೆ. ದುರ್ಗಕ್ಕನವರ ಬೆನ್ನು ನೆಟ್ಟಗಿರಲಿ, ಮೊಣಕಾಲು ನೋಯದಿರಲಿ, ಅದಿರು ಹೊತ್ತು ಬಂದ ಬಂಡ್ರಿಯ ಸೊಂಟಗಳಿಗೆ ಆ ಅಂಗೈ ಬಹುಕಾಲ ದೊರೆಯಲಿ. ಇನ್ನು ಮರುಳಸಿದ್ದಪ್ಪನವರ ಸಮಾಚಾರ ಅವರಿಗೆ ಬಂಡ್ರಿಯಲ್ಲಿ ತಲುಪಬೇಕಾದ್ದರಿಂದ ಇಲ್ಲೇ ಬರೆದುಬಿಡುತ್ತೇನೆ: ಅವರು ಶವಾಸನದಲ್ಲಿ ಈಚೆಗೆ ಗೊರಕೆ ಹೊಡೆಯುತ್ತಾರೆ, ಎಲ್ಲರೂ ಎದ್ದುಹೋದ ಮೇಲೂ ಮಲಗಿರುತ್ತಾರೆ, ಪಲ್ಲವಿ ಅವರನ್ನು ಎಬ್ಬಿಸುವುದಿಲ್ಲ.